‘ರಷ್ಯಾದ ಜನ ಯಾಕೆ ಸುಮ್ನಿದ್ದಾರೆ?’ ಅಂತ ಕೇಳುವವರಿಗೆ

ತೊಂಬತ್ತರ ದಶಕದಲ್ಲಿ ಮಾಸ್ಕೋದಲ್ಲಿ ಓದಿ, ಈಗ ಇಂಗ್ಲೆಂಡಿನಲ್ಲಿ ಇದ್ದೇನೆ. ಹಾಗಾಗಿ ಯಾವ ಕನ್ನಡ ಕೂಟಕ್ಕೆ ಹೋದರೂ ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ. "ಅಲ್ಲ ಮೇಡಂ, ರಷ್ಯಾದವರು ಪುಟಿನ್ ಆಳ್ವಿಕೆಯನ್ನು, ಯುಕ್ರೇನ್ ಯುದ್ಧವನ್ನು ಯಾಕೆ ಸುಮ್ನೆ ಸಹಿಸಿಕೊಂಡಿದ್ದಾರೆ? ಗುಲಾಮಗಿರಿ ಅವರ ರಕ್ತದಲ್ಲೇ ಇದೆ ಅಲ್ವಾ?" ಮೊದಲ ಪ್ರಶ್ನೆಗೆ ಉತ್ತರ ಕೊಡಬಹುದು. ಎರಡನೆಯದು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ರಕ್ತದಲ್ಲಿ ಏನೂ ಇಲ್ಲ. 1991ರ ಆಗಸ್ಟಿನಲ್ಲಿ ಅಧಿಕಾರ ಕಿತ್ತುಕೊಳ್ಳಲು ಹೊರಟವರ ಟ್ಯಾಂಕುಗಳು ಮಾಸ್ಕೋಗೆ ನುಗ್ಗಿದಾಗ ಅದೇ ಜನ ಸಂಸತ್ ಭವನದ ಸುತ್ತ ಅಡ್ಡ ನಿಂತರು. ಮೂವರು ಯುವಕರು ಪ್ರಾಣ ಬಿಟ್ಟರು. ನಾನು ಬಾಡಿಗೆಗಿದ್ದ ಮನೆಯ ಅಜ್ಜಿಯೂ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಹೋಗಿದ್ದರು.

ಆಮೇಲೆ ಅವರಿಗೆ ಸಿಕ್ಕಿದ್ದೇನು? 1992ರ ಜನವರಿಯಲ್ಲಿ ಬೆಲೆಗಳ ಮೇಲಿನ ನಿಯಂತ್ರಣ ತೆಗೆದರು. ಒಂದೇ ವರ್ಷದಲ್ಲಿ ಬೆಲೆಗಳು ಇಪ್ಪತ್ತು ಪಟ್ಟಿಗಿಂತ ಜಾಸ್ತಿ ಏರಿದವು. ಅಜ್ಜಿ ತಮ್ಮ ಪಾಸ್‌ಬುಕ್ ತೋರಿಸಿದ್ದರು: ಕಾರಿಗೆಂದು ಕೂಡಿಟ್ಟ ದುಡ್ಡು, ಪುಟಪುಟಕ್ಕೂ ಹತ್ತು, ಹದಿನೈದು ರೂಬಲ್ ಜಮೆ, ಪಕ್ಕದಲ್ಲಿ ನೀಲಿ ಶಾಯಿಯ ಸಹಿ. ಅಷ್ಟೂ ಸೇರಿಸಿದರೆ ಒಂದು ಟೈರೂ ಬರುತ್ತಿರಲಿಲ್ಲ. 1993ರಲ್ಲಿ, ಅವರು ಕಾಯ್ದು ನಿಂತಿದ್ದ ಅದೇ ಕಟ್ಟಡಕ್ಕೆ ಅಧ್ಯಕ್ಷ ಯೆಲ್ತ್ಸಿನ್ ಟ್ಯಾಂಕಿನಿಂದ ಗುಂಡು ಹೊಡೆಸಿದರು. 1996ರ ಚುನಾವಣೆಯಲ್ಲಿ ಅಜ್ಜಿ ‘ಎಲ್ಲರ ವಿರುದ್ಧ’ ಅಂತ ಗುರುತು ಹಾಕಿ ಬಂದರು. ನಮ್ಮ ನೋಟಾದಂಥದ್ದು ಅವರಿಗೆ ಆಗಲೇ ಇತ್ತು, 2006ರಲ್ಲಿ ಅದನ್ನೂ ಕಿತ್ತುಹಾಕಿದರು. "ಯಾರು ಬಂದರೂ ಅಷ್ಟೇ ಮಗಳೇ" ಅನ್ನುತ್ತಿದ್ದ ಅಜ್ಜಿ 2000ದಲ್ಲಿ ಪುಟಿನ್‌ಗೆ ಹಾಕಿದರು. ಪಿಂಚಣಿ ಹೊತ್ತಿಗೆ ಸರಿಯಾಗಿ ಬಂದರೆ ಸಾಕಾಗಿತ್ತು ಅವರಿಗೆ.

ಈಗಲೂ ಎಲ್ಲರೂ ಸುಮ್ಮನಿಲ್ಲ. ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದರೆ 15 ವರ್ಷದವರೆಗೆ ಜೈಲು ಅನ್ನುವ ಕಾನೂನು 2022ರ ಮಾರ್ಚಿನಲ್ಲೇ ಬಂತು. ಆದರೂ 2024ರ ಜನವರಿಯ ಚಳಿಯಲ್ಲಿ, ಅಧ್ಯಕ್ಷ ಚುನಾವಣೆಗೆ ನಿಲ್ಲಲು ಜನರ ಸಹಿ ಬೇಕಿದ್ದ, ಯುದ್ಧ ಬೇಡ ಅಂದ ಅಭ್ಯರ್ಥಿ ನದೇಜ್ದಿನ್‌ಗೆ ಸಹಿ ಹಾಕಲು ಜನ ಊರೂರಲ್ಲಿ ಕ್ಯೂ ನಿಂತರು. ಸಹಿಯ ಜೊತೆ ಪಾಸ್‌ಪೋರ್ಟ್ ನಂಬರು, ಮನೆ ವಿಳಾಸ ಎಲ್ಲಾ ಬರೆಯಬೇಕು. ಯೋಚನೆ ಮಾಡಿ, ನೀವಾದರೆ ಬರೆಯುತ್ತಿದ್ದಿರಾ? ಕೊನೆಗೆ ಅವರನ್ನು ಚುನಾವಣೆಗೆ ನಿಲ್ಲಲೇ ಬಿಡಲಿಲ್ಲ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಜೈಲಿನ ಭಯವೇ ಇಲ್ಲದ ಇಂಗ್ಲೆಂಡಿನಲ್ಲಿ ಜನ ಯಾಕೆ ಕೈಚೆಲ್ಲಿ ಕೂತಿದ್ದಾರೆ? ಕಾರಣ ಇಲ್ಲ ಅಂತಲ್ಲ. 2003ರ ಫೆಬ್ರವರಿಯಲ್ಲಿ ಇರಾಕ್ ಯುದ್ಧ ಬೇಡ ಅಂತ ಲಕ್ಷಾಂತರ ಜನ ಲಂಡನ್ ಬೀದಿಗೆ ಇಳಿದರು, ಮುಂದಿನ ತಿಂಗಳೇ ಯುದ್ಧ ಶುರುವಾಯಿತು. ಇರಾಕಿನ ಬಳಿ ಇವೆ ಅಂತ ಯಾವ ಸಾಮೂಹಿಕ ನಾಶದ ಅಸ್ತ್ರಗಳ ಹೆಸರು ಹೇಳಿ ಹೋದರೋ ಅವು ಸಿಗಲೇ ಇಲ್ಲ. 2024ರ ಚುನಾವಣೆಯಲ್ಲಿ ವೋಟು ಹಾಕಿದವರು ಸುಮಾರು ಶೇಕಡ 60 ಮಾತ್ರ. ಲೇಬರ್ ಪಕ್ಷ ಮೂರನೇ ಒಂದು ಭಾಗದಷ್ಟು ಮತ ಪಡೆದು 650ರಲ್ಲಿ 411 ಸೀಟು ಗೆದ್ದಿತು. ನಮ್ಮ ಪಕ್ಕದ ಮನೆಯವರು ಹೋಗಲೇ ಇಲ್ಲ. ಯಾರು ಬಂದರೂ ಅಷ್ಟೇ, ಅಂದರು. ಅಜ್ಜಿ ಆಡಿದ ಅದೇ ಮಾತು, ಕೇಳಿ ನನಗೆ ಹೆದರಿಕೆಯಾಯಿತು.

ಇಲ್ಲಿರುವ ಕನ್ನಡಿಗರಿಗೆ ಈಗ ನನ್ನದೊಂದು ಪ್ರಶ್ನೆ. ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೂ, ಕಾಮನ್‌ವೆಲ್ತ್ ದೇಶದವರು ಅನ್ನುವ ಕಾರಣಕ್ಕೆ ಬ್ರಿಟನ್ನಿನ ಚುನಾವಣೆಯಲ್ಲಿ ನಿಮಗೆ ವೋಟಿದೆ. ನಿಮ್ಮಲ್ಲಿ ಎಷ್ಟು ಜನ ಪಟ್ಟಿಗೆ ಹೆಸರು ಸೇರಿಸಿದ್ದೀರಿ?