ಬ್ರಿಟನ್ ಸ್ಪೌಸ್ ವೀಸಾ: ಅರ್ಜಿಯ ದಿನವನ್ನು ಪೇ ಸ್ಲಿಪ್ ನೋಡಿ ಗೊತ್ತುಮಾಡಿ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಬ್ರಿಟನ್ನಿನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಕೆಲಸ ಮಾಡುವವರು ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳುವುದು ಡಿಪೆಂಡೆಂಟ್ ವೀಸಾದಲ್ಲಿ. ಅದರ ಲೆಕ್ಕವೇ ಬೇರೆ. ಇಲ್ಲಿ ಹೇಳುತ್ತಿರುವುದು ಜೋಡಿಯಲ್ಲಿ ಒಬ್ಬರು ಬ್ರಿಟಿಷ್ ಅಥವಾ ಐರಿಶ್ ಪ್ರಜೆಯಾಗಿದ್ದು, ಇಲ್ಲವೇ ಅಲ್ಲಿ ಐಎಲ್ಆರ್ (ಕಾಯಂ ನೆಲೆಸುವ ಅನುಮತಿ) ಪಡೆದು ನೆಲೆಸಿದವರಾಗಿದ್ದು, ಇನ್ನೊಬ್ಬರು ಬೇರೆ ದೇಶದ ಪಾಸ್‌ಪೋರ್ಟ್‌ನವರಾದಾಗ ಬೇಕಾಗುವ ಸ್ಪೌಸ್ ವೀಸಾದ ವಿಚಾರ. ನಿಯಮಗಳು ಇರುವುದು ಅಪೆಂಡಿಕ್ಸ್ ಎಫ್ಎಂ ಎಂಬ ಭಾಗದಲ್ಲಿ. ಯಾವ ದಾಖಲೆ ಯಾವ ರೂಪದಲ್ಲಿ ಇರಬೇಕು ಎನ್ನುವುದು ಅಪೆಂಡಿಕ್ಸ್ ಎಫ್ಎಂ-ಎಸ್ಇಯಲ್ಲಿ. ಜನ ಓದುವುದು ಮೊದಲನೆಯದನ್ನು, ಎಡವುವುದು ಎರಡನೆಯದರಲ್ಲಿ.

ಮದುವೆ ನಿಜವೋ ಅಲ್ಲವೋ ಎಂಬ ಪ್ರಶ್ನೆಗೇ ಎಲ್ಲರೂ ಹೆದರುತ್ತಾರೆ. ನಿಜವಾಗಿ ಕೈಸುಟ್ಟುಕೊಳ್ಳುವುದು ಆದಾಯದ ಕಾಗದಗಳಲ್ಲಿ. ಪ್ರಾಮಾಣಿಕವಾಗಿ ದುಡಿಯುವ, ಮಿತಿಗಿಂತ ಹೆಚ್ಚೇ ಗಳಿಸುವ ಸ್ಪಾನ್ಸರ್ (ಸಂಗಾತಿಯನ್ನು ಕರೆಸಿಕೊಳ್ಳುವವರು) ಕೂಡ ತಪ್ಪು ವಾರದಲ್ಲಿ ಅರ್ಜಿ ಒತ್ತಿದರೆ ತಿರಸ್ಕಾರ ಗ್ಯಾರಂಟಿ. ಹಾಗಾಗಿ ವಿಮಾನದ ಟಿಕೆಟ್, ಮನೆಯವರ ಒತ್ತಾಯ ಎಲ್ಲವನ್ನೂ ಪಕ್ಕಕ್ಕಿಟ್ಟು, ಸ್ಪಾನ್ಸರ್ ಅವರ ಪೇ ಸ್ಲಿಪ್‌ಗಳನ್ನು ಮುಂದಿಟ್ಟುಕೊಂಡು ಅರ್ಜಿಯ ದಿನವನ್ನು ಹಿಂದಿನಿಂದ ಎಣಿಸಿ. ಅರ್ಜಿಯ ದಿನ ಎಂದರೆ ಆನ್‌ಲೈನಿನಲ್ಲಿ ಶುಲ್ಕ ಕಟ್ಟಿ ಸಲ್ಲಿಸಿದ ದಿನ, ಬಯೋಮೆಟ್ರಿಕ್ ಕೊಟ್ಟ ದಿನವಲ್ಲ.

ಆದಾಯದ ಮಿತಿ 2012ರ ಜುಲೈನಲ್ಲಿ ಬಂದಾಗ ವರ್ಷಕ್ಕೆ 18,600 ಪೌಂಡ್ ಇತ್ತು. 2024ರ ಏಪ್ರಿಲ್ 11ರಿಂದ ಅದು 29,000. ಅದನ್ನು 38,700ಕ್ಕೆ ಏರಿಸುವ ಘೋಷಣೆಯೂ ಆಗಿತ್ತು, ಸರ್ಕಾರ ಬದಲಾದ ಮೇಲೆ ಅದು ನಿಂತಿತು. 2024ರ ಏಪ್ರಿಲ್ 11ಕ್ಕೆ ಮೊದಲೇ ಈ ದಾರಿಯಲ್ಲಿ ಅರ್ಜಿ ಹಾಕಿದವರಿಗೆ, ಸಂಗಾತಿ ಮೊದಲಿನವರೇ ಆಗಿದ್ದರೆ, ವಿಸ್ತರಣೆಯಲ್ಲೂ ಹಳೆಯ 18,600ರ ಲೆಕ್ಕವೇ. ಹಳೆಯ ಲೆಕ್ಕದಲ್ಲಿ ಮೊದಲ ಮಗುವಿಗೆ 3,800, ಆಮೇಲಿನ ಪ್ರತಿ ಮಗುವಿಗೆ 2,400 ಸೇರಿಸಬೇಕಿತ್ತು. ಹೊಸದರಲ್ಲಿ ಮಕ್ಕಳಿಗೆಂದು ಹೆಚ್ಚುವರಿ ಇಲ್ಲ. 29,000 ಎನ್ನುವುದು ತೆರಿಗೆ ಕಡಿತಕ್ಕೆ ಮುಂಚಿನ ಮೊತ್ತ. ಈ ಅಂಕಿ ಎಷ್ಟು ನಿಷ್ಠುರ ಎಂದು ತಿಳಿಯಬೇಕಾದರೆ 2025ರ ಏಪ್ರಿಲ್‌ನ ಕನಿಷ್ಠ ಕೂಲಿಯನ್ನು ಗುಣಿಸಿ ನೋಡಿ: ಗಂಟೆಗೆ 12.21 ಪೌಂಡ್, ವಾರಕ್ಕೆ 40 ಗಂಟೆ, 52 ವಾರ. ಬರುವುದು ಸುಮಾರು 25,397. ವರ್ಷಪೂರ್ತಿ ಒಂದು ದಿನ ಬಿಡದೆ ದುಡಿದ ನಾಗರಿಕನಿಗೂ ಹೆಂಡತಿಯನ್ನು ಕರೆಸಿಕೊಳ್ಳುವ ಅರ್ಹತೆ ಬರುವುದಿಲ್ಲ. ಮಗು ನೋಡಿಕೊಳ್ಳುತ್ತಾ ಅರ್ಧ ದಿನ ಕೆಲಸ ಮಾಡುವ ತಾಯಂದಿರ ಪಾಡು ಹೇಳುವುದೇ ಬೇಡ. ಲಂಡನ್‌ಗೂ ಕೂಲಿ ಕಡಿಮೆ ಇರುವ ಊರುಗಳಿಗೂ ಒಂದೇ ಮಿತಿ. ಇದು ಆಡಳಿತಕ್ಕೆ ಸುಲಭ, ನ್ಯಾಯ ಅಂತೂ ಅಲ್ಲ.

ಇನ್ನು ಸಂಬಳದ ಲೆಕ್ಕ. ಒಂದೇ ಕಂಪನಿಯಲ್ಲಿ ಆರು ತಿಂಗಳಾದರೂ ಆಗಿದ್ದರೆ ಕ್ಯಾಟಗರಿ ಎ. ಬೇಕಾಗುವುದು ಆರು ತಿಂಗಳ ಪೇ ಸ್ಲಿಪ್, ಅದೇ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಕಂಪನಿಯ ಪತ್ರ. ಪತ್ರದಲ್ಲಿ ನಾಲ್ಕು ಸಂಗತಿ ಕಡ್ಡಾಯ: ಕೆಲಸ ಮತ್ತು ವಾರ್ಷಿಕ ಸಂಬಳ, ಎಷ್ಟು ಕಾಲದಿಂದ ಕೆಲಸದಲ್ಲಿದ್ದಾರೆ, ಈಗಿನ ಸಂಬಳ ಯಾವಾಗಿನಿಂದ, ಕೆಲಸ ಕಾಯಮ್ಮೋ ಗುತ್ತಿಗೆಯೋ ಏಜೆನ್ಸಿಯೋ. ಎಚ್‌ಆರ್‌ನವರು ತಮ್ಮ ಸಿದ್ಧ ನಮೂನೆಯಲ್ಲಿ ಕೊಡುವ ಪತ್ರದಲ್ಲಿ ಮೂರನೆಯದು ಸಾಮಾನ್ಯವಾಗಿ ಇರುವುದಿಲ್ಲ, ಕೇಳಿ ಬರೆಸಿಕೊಳ್ಳಿ.

ನಿಗದಿತ ಸಂಬಳದವರಿಗೆ ಆ ಆರು ತಿಂಗಳಲ್ಲಿ ಅತಿ ಕಡಿಮೆ ಇದ್ದ ಸಂಬಳದ ಮಟ್ಟವನ್ನೇ ಹಿಡಿಯುತ್ತಾರೆ. ತಿಂಗಳಿಗೆ ಕನಿಷ್ಠ 2,416.67 ಪೌಂಡ್ ಬೇಕು. ಜನವರಿವರೆಗೆ 28,000 ಇದ್ದು ಫೆಬ್ರವರಿಯಿಂದ 30,500 ಆಗಿದ್ದರೆ, ಮಾರ್ಚ್‌ನಲ್ಲಿ ಅರ್ಜಿ ಹಾಕಿದವರು 28,000ದವರೇ. ಫೆಬ್ರವರಿಯಿಂದ ಜುಲೈವರೆಗಿನ ಆರು ಪೇ ಸ್ಲಿಪ್ ಕೈಗೆ ಬಂದ ಮೇಲೆ ಹಾಕಬೇಕು. ಗಂಟೆ ಲೆಕ್ಕದವರಿಗೆ ಮಾತ್ರ ಸರಾಸರಿ. ಒಬ್ಬರ ಆರು ತಿಂಗಳ ಗ್ರಾಸ್ (ಕಡಿತಕ್ಕೆ ಮುಂಚಿನ ಸಂಬಳ) ಹೀಗಿದೆ ಎನ್ನಿ: 2,500, 2,450, 2,610, 1,980, 2,480, 2,520. ಒಟ್ಟು 14,540. ಎರಡರಿಂದ ಗುಣಿಸಿದರೆ 29,080, ಪಾಸ್. ನಾಲ್ಕನೇ ತಿಂಗಳು ಇನ್ನೊಂದು ದಿನ ರಜೆ ಹಾಕಿ 1,900 ಬಂದಿದ್ದರೆ 28,920, ಫೇಲ್. ಅಂಥವರು ಮಾಡಬೇಕಾದ್ದು ಇಷ್ಟೇ, ಕಡಿಮೆ ಬಿದ್ದ ತಿಂಗಳು ಆರು ತಿಂಗಳ ಚೌಕಟ್ಟಿನಿಂದ ಆಚೆ ಹೋಗುವವರೆಗೆ ಕಾಯುವುದು.

ಪೇ ಸ್ಲಿಪ್‌ನ ನೆಟ್ (ಕಡಿತದ ನಂತರದ) ಮೊತ್ತವೂ ಬ್ಯಾಂಕಿಗೆ ಬಿದ್ದ ಮೊತ್ತವೂ ಪೈಸೆ ಪೈಸೆ ತಾಳೆಯಾಗಬೇಕು. ಕಂಪನಿ ಖರ್ಚು ಮರುಪಾವತಿಯನ್ನು ಸಂಬಳದ ಜೊತೆಗೇ ಹಾಕಿದ್ದರೆ ವ್ಯತ್ಯಾಸಕ್ಕೆ ಒಂದು ಸಾಲಿನ ವಿವರಣೆ ಕೊಡಿ. ಕೊನೆಯ ಸ್ಟೇಟ್‌ಮೆಂಟ್ ಅರ್ಜಿಯ ದಿನಕ್ಕಿಂತ 28 ದಿನಕ್ಕೂ ಹಳೆಯದಾಗಿರಬಾರದು. ಆರನೇ ಸಂಬಳ ಬ್ಯಾಂಕಿಗೆ ಬೀಳುವ ಮೊದಲೇ ಸಲ್ಲಿಸಿದರೆ ಐದೇ ತಿಂಗಳ ಪುರಾವೆಯಾಯಿತು. ಅಂದರೆ ಆರನೇ ಸಂಬಳ ಬಿದ್ದು, ಅದು ಕಾಣುವ ಸ್ಟೇಟ್‌ಮೆಂಟ್ ತೆಗೆದ ದಿನದಿಂದ ನಾಲ್ಕು ವಾರ ನಿಮ್ಮ ಕೈಯಲ್ಲಿರುತ್ತದೆ.

ಆರು ತಿಂಗಳೊಳಗೆ ಕೆಲಸ ಬದಲಿಸಿದವರಿಗೆ ಕ್ಯಾಟಗರಿ ಬಿ. ಅದಕ್ಕೆ ಎರಡು ಪರೀಕ್ಷೆ: ಈಗಿನ ಸಂಬಳ 29,000 ಮುಟ್ಟಬೇಕು, ಹಿಂದಿನ 12 ತಿಂಗಳಲ್ಲಿ ಕೈಗೆ ಬಂದ ಗ್ರಾಸ್ ಕೂಡ 29,000 ಮುಟ್ಟಬೇಕು. ನಡುವೆ ಎರಡು ತಿಂಗಳು ಖಾಲಿ ಕೂತಿದ್ದರೂ ಮೊತ್ತ ಮುಟ್ಟಿದ್ದರೆ ತೊಂದರೆಯಿಲ್ಲ. ಸ್ವಂತ ಉದ್ಯೋಗದವರಿಗೆ ಮುಗಿದ ಪೂರ್ಣ ಹಣಕಾಸು ವರ್ಷದ ಲೆಕ್ಕ. ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರುವಾಗಿ ಮುಂದಿನ ಏಪ್ರಿಲ್ 5ಕ್ಕೆ ಮುಗಿಯುತ್ತದೆ.

ಐಟಿಯವರು ಬೀಳುವ ಹೊಂಡ ಇನ್ನೊಂದು. ಸ್ವಂತ ಲಿಮಿಟೆಡ್ ಕಂಪನಿ ಮಾಡಿಕೊಂಡು, ತಾವೇ ನಿರ್ದೇಶಕರಾಗಿ, ತಮಗೆ ತಾವೇ ಸಂಬಳ ಕೊಟ್ಟುಕೊಂಡು, ಪೇ ಸ್ಲಿಪ್ ಇದೆಯಲ್ಲ ಎಂದು ಕ್ಯಾಟಗರಿ ಎ ಅಡಿ ಹಾಕುತ್ತಾರೆ. ಷೇರುಗಳು ತಮ್ಮ ಇಲ್ಲವೇ ಕುಟುಂಬದವರ ಕೈಯಲ್ಲಿರುವ, ಉಳಿದ ಷೇರುಗಳಿದ್ದರೆ ಅವು ಐವರಿಗಿಂತ ಕಡಿಮೆ ಹೊರಗಿನವರ ಬಳಿ ಇರುವ ಕಂಪನಿಯ ನಿರ್ದೇಶಕರನ್ನು ನಿಯಮ ಬೇರೆಯೇ ನೋಡುತ್ತದೆ: ಕಂಪನಿಯ ಪೂರ್ಣ ಹಣಕಾಸು ವರ್ಷ, ಸಂಬಳ ಮತ್ತು ಡಿವಿಡೆಂಡ್, ಕಂಪನಿಯ ತೆರಿಗೆ ರಿಟರ್ನ್ ಮತ್ತು ಲೆಕ್ಕಪತ್ರ. ಪೇ ಸ್ಲಿಪ್‌ಗಳ ಕಟ್ಟು ಎಷ್ಟು ದಪ್ಪಗಿದ್ದರೂ ನೀರಿನಲ್ಲಿ ಹೋಮ.

ಹೊರಗಿನಿಂದ ಅರ್ಜಿ ಹಾಕುವಾಗ ಅರ್ಜಿದಾರರು ತಮ್ಮ ದೇಶದಲ್ಲಿ ಎಷ್ಟೇ ದೊಡ್ಡ ಸಂಬಳ ಪಡೆಯುತ್ತಿದ್ದರೂ ಅದು ಲೆಕ್ಕಕ್ಕಿಲ್ಲ, ಬ್ರಿಟನ್ನಿನಲ್ಲಿ ಸಿಕ್ಕ ಜಾಬ್ ಆಫರ್ ಕೂಡ ಇಲ್ಲ. ಆದರೆ ಅವರ ಹೆಸರಿನ ಮನೆಯ ಬಾಡಿಗೆ, ಪಿಂಚಣಿ, ಉಳಿತಾಯ ಲೆಕ್ಕಕ್ಕುಂಟು. ಇಬ್ಬರೂ ವಿದೇಶದಲ್ಲಿದ್ದು ಜೊತೆಯಾಗಿ ಮರಳುವುದಾದರೆ, ಸ್ಪಾನ್ಸರ್ ಅವರ ವಿದೇಶದ ಆದಾಯವೂ ಮಿತಿ ಮುಟ್ಟಬೇಕು, ಮರಳಿದ ಮೂರು ತಿಂಗಳೊಳಗೆ ಶುರುವಾಗುವ ಬ್ರಿಟನ್ನಿನ ಕೆಲಸವೂ ಖಚಿತವಾಗಿರಬೇಕು.

ಉಳಿತಾಯದ ಸೂತ್ರ ವಿಚಿತ್ರ. ಮೊದಲ 16,000 ಪೌಂಡ್ ಲೆಕ್ಕಕ್ಕೇ ಇಲ್ಲ. ಅದರ ಮೇಲಿನದ್ದನ್ನು 2.5ರಿಂದ ಭಾಗಿಸಿದರೆ ಎಷ್ಟೋ ಅಷ್ಟು ಆದಾಯದ ಕೊರತೆಯನ್ನು ತುಂಬಬಹುದು. ಆದಾಯ 27,000 ಇದ್ದರೆ ಕೊರತೆ 2,000. ಬೇಕಾದ ಉಳಿತಾಯ 21,000. ಆದಾಯವೇ ಇಲ್ಲದಿದ್ದರೆ 88,500. ಈ ಹಣ ಆರು ತಿಂಗಳಿಂದ ಜೋಡಿಯಲ್ಲಿ ಒಬ್ಬರ ಅಥವಾ ಇಬ್ಬರ ಹೆಸರಲ್ಲೇ ಇರಬೇಕು. ಆ ಅವಧಿಯಲ್ಲಿ ಖಾತೆ ಇಳಿದ ಅತಿ ಕೆಳಗಿನ ಮಟ್ಟವೇ ಲೆಕ್ಕ. ಅಪ್ಪ ಅಮ್ಮ ಕೊಟ್ಟ ಉಡುಗೊರೆ ಆಗುತ್ತದೆ, ಸಾಲ ಆಗುವುದಿಲ್ಲ. ಷೇರು ಮಾರಿ ನಗದು ಮಾಡಿಕೊಳ್ಳಬೇಕು. ಬೇಕೆಂದಾಗ ಮುರಿಸಬಹುದಾದ ಎಫ್‌ಡಿ ಸರಿ. ಬೇರೆ ಕರೆನ್ಸಿಯಲ್ಲಿದ್ದರೆ ಅರ್ಜಿಯ ದಿನ ಓಆಂಡಾ ಎಂಬ ವಿನಿಮಯ ದರದ ಜಾಲತಾಣದಲ್ಲಿರುವ ದರದಲ್ಲಿ ಪರಿವರ್ತನೆ, ಹಾಗಾಗಿ ಗಡಿಯಂಚಿನಲ್ಲಿ ನಿಲ್ಲದೆ ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳಿ. ಸ್ವಂತ ಉದ್ಯೋಗದ ಆದಾಯಕ್ಕೆ ಉಳಿತಾಯವನ್ನು ಸೇರಿಸುವಂತಿಲ್ಲ.

ಸ್ಪಾನ್ಸರ್‌ಗೆ ಪಿಐಪಿ (ಅಂಗವೈಕಲ್ಯ ಅಥವಾ ದೀರ್ಘ ಕಾಯಿಲೆಯವರ ಭತ್ಯೆ), ಕೇರರ್ಸ್ ಅಲೋಯನ್ಸ್ (ಅಂಥವರನ್ನು ನೋಡಿಕೊಳ್ಳುವವರ ಭತ್ಯೆ) ತರಹದ ಭತ್ಯೆ ಬರುತ್ತಿದ್ದರೆ 29,000ರ ಮಿತಿ ಅನ್ವಯಿಸುವುದೇ ಇಲ್ಲ, ಸಂಸಾರ ನಡೆಸಲು ಸಾಕಾಗುವಷ್ಟು ಇದೆಯೇ ಎಂದಷ್ಟೇ ನೋಡುತ್ತಾರೆ. ಎಂಎಂ ಲೆಬನಾನ್ ಪ್ರಕರಣದಲ್ಲಿ 2017ರ ಫೆಬ್ರವರಿಯಲ್ಲಿ ಬ್ರಿಟನ್ ಸುಪ್ರೀಂ ಕೋರ್ಟ್ ಮಿತಿಯನ್ನು ಎತ್ತಿಹಿಡಿದರೂ, ಮಕ್ಕಳ ಹಿತವನ್ನು ಕಡೆಗಣಿಸುವುದನ್ನು ಒಪ್ಪಲಿಲ್ಲ. ಆಮೇಲೆ ನಿಯಮ ಸಡಿಲವಾಗಿ, ಅಸಾಧಾರಣ ಸಂದರ್ಭಗಳಲ್ಲಿ ಮೂರನೆಯವರ ನೆರವಿನಂಥ ಬೇರೆ ಮೂಲಗಳನ್ನೂ ಪರಿಗಣಿಸಲು ಅವಕಾಶವಾಯಿತು. ಇದು ಕೊನೆಯ ಬಾಗಿಲು, ಸಲೀಸಾಗಿ ತೆರೆಯುವುದಿಲ್ಲ.

ಉಳಿದವು ಬೇಗ ಮುಗಿಯುತ್ತವೆ. ಇಂಗ್ಲಿಷ್ ಮೊದಲ ಹಂತದಲ್ಲಿ ಎ1 (ಭಾಷಾ ಮಟ್ಟಗಳಲ್ಲಿ ಅತಿ ಕೆಳಗಿನದು), ಮಾತು ಮತ್ತು ಆಲಿಸುವಿಕೆ ಮಾತ್ರ. ಆದರೆ ಮಾನ್ಯತೆ ಪಡೆದ ಪರೀಕ್ಷೆಯೇ ಆಗಬೇಕು: ಐಇಎಲ್‌ಟಿಎಸ್ ಬರೆಯುವುದಾದರೆ ಲೈಫ್ ಸ್ಕಿಲ್ಸ್, ಇಲ್ಲವೇ ಯುಕೆವಿಐ (ಬ್ರಿಟನ್ನಿನ ವೀಸಾ ಇಲಾಖೆ) ಎಂದು ನಮೂದಾದದ್ದು. ಮಾಮೂಲಿ ಐಇಎಲ್‌ಟಿಎಸ್‌ನಲ್ಲಿ 8 ಬಂದಿದ್ದರೂ ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಪದವಿಯಿದ್ದರೆ ವಿದೇಶಿ ಪದವಿಗಳನ್ನು ತೂಗಿ ನೋಡುವ ಎಕ್ಟಿಸ್ ಸಂಸ್ಥೆಯ ದೃಢೀಕರಣ ಸಾಕು. ಭಾರತದಲ್ಲಿರುವವರಿಗೆ ಟಿಬಿ ಪರೀಕ್ಷೆ ಕಡ್ಡಾಯ, ಗೊತ್ತುಮಾಡಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು, ಪ್ರಮಾಣಪತ್ರ ಆರು ತಿಂಗಳು ನಡೆಯುತ್ತದೆ. ತುಂಬಾ ಮುಂಚೆಯೇ ಮಾಡಿಸಿ, ಪೇ ಸ್ಲಿಪ್‌ಗೆ ಕಾಯುತ್ತಾ ಅವಧಿ ಮೀರಿಸಿಕೊಳ್ಳಬೇಡಿ. ವಾಸಕ್ಕೆ ಮನೆ ಕಿಕ್ಕಿರಿದಿರಬಾರದು: ಹಾಲ್ ಸೇರಿಸಿ ಎರಡು ಕೋಣೆಗೆ ಮೂರು ಜನ, ಮೂರಕ್ಕೆ ಐದು. ಒಂದರಿಂದ ಹತ್ತು ವರ್ಷದೊಳಗಿನ ಮಗು ಅರ್ಧ ಲೆಕ್ಕ.

ಸಂಬಂಧದ ಪುರಾವೆಗೆ ಹಿರಿಯರು ನೋಡಿ ಮಾಡಿದ ಮದುವೆ ಅಡ್ಡಿಯಲ್ಲ, ಆದರೆ ಇಬ್ಬರೂ ಮುಖಾಮುಖಿ ಭೇಟಿಯಾಗಿರಲೇಬೇಕು. ವಾಟ್ಸ್ಆ್ಯಪ್ ಸಂಭಾಷಣೆಯ ನಾನೂರು ಪುಟ ಯಾರೂ ಓದುವುದಿಲ್ಲ. ತಿಂಗಳಿಗೊಂದು ಎರಡು ಪುಟ, ಕರೆಗಳ ಪಟ್ಟಿ, ಭೇಟಿಯ ಟಿಕೆಟ್ ಮತ್ತು ಪಾಸ್‌ಪೋರ್ಟ್ ಮುದ್ರೆ, ಬೇರೆ ಬೇರೆ ದಿನಗಳ ಹತ್ತಿಪ್ಪತ್ತು ಫೋಟೊ ಸಾಕು. ಮದುವೆಯ ಪ್ರಮಾಣಪತ್ರ ಕನ್ನಡದಲ್ಲಿದ್ದರೆ ಅನುವಾದ ಬೇಕು, ಅದರಲ್ಲಿ ಅನುವಾದಕರ ದೃಢೀಕರಣ, ಪೂರ್ಣ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ ಇರಬೇಕು. ನಮ್ಮ ಕಡೆಯ ದೊಡ್ಡ ತಲೆನೋವು ಇನಿಷಿಯಲ್: ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು, ಪದವಿಯಲ್ಲಿ ಒಂದಕ್ಷರ, ಮದುವೆಯ ಪತ್ರದಲ್ಲಿ ಅದೂ ಇಲ್ಲ. ಮೂರೂ ಒಬ್ಬರವೇ ಎಂದು ಅಫಿಡವಿಟ್ ಮಾಡಿಸಿಡಿ. ಇಬ್ಬರಲ್ಲಿ ಯಾರಿಗಾದರೂ ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಅಂತಿಮ ಆದೇಶ ಹಚ್ಚಲೇಬೇಕು. ಹಿಂದೆ ಯಾವುದೇ ದೇಶ ವೀಸಾ ನಿರಾಕರಿಸಿದ್ದರೆ ಮುಚ್ಚಿಡಬೇಡಿ, ನಿರಾಕರಣೆಗಿಂತ ಮುಚ್ಚಿಟ್ಟದ್ದೇ ಹೆಚ್ಚು ಹಾನಿ ಮಾಡುತ್ತದೆ.

ವಿಸಿಟ್ ವೀಸಾದಲ್ಲಿ ಬಂದು ಅಲ್ಲಿಂದಲೇ ಸ್ಪೌಸ್ ವೀಸಾಗೆ ಬದಲಿಸಿಕೊಳ್ಳುವ ದಾರಿ ಇಲ್ಲ. ಸ್ಟೂಡೆಂಟ್, ಸ್ಕಿಲ್ಡ್ ವರ್ಕರ್ ವೀಸಾದವರು ಒಳಗಿನಿಂದಲೇ ಬದಲಿಸಿಕೊಳ್ಳಬಹುದು.

ಖರ್ಚು 2025ರ ಏಪ್ರಿಲ್ ದರದಲ್ಲಿ: ಹೊರಗಿನಿಂದ ಅರ್ಜಿಗೆ 1,938 ಪೌಂಡ್, ಆರೋಗ್ಯ ಸರ್‌ಚಾರ್ಜ್ 3,105. ಸಿಗುವುದು 33 ತಿಂಗಳು. ವಿಸ್ತರಣೆಗೆ 1,321 ಮತ್ತು ಸರ್‌ಚಾರ್ಜ್ 2,587.50, ಸಿಗುವುದು 30 ತಿಂಗಳು. ಐದು ವರ್ಷದ ಕೊನೆಗೆ ಐಎಲ್ಆರ್‌ಗೆ 3,029. ಪರೀಕ್ಷೆ, ವಕೀಲರ ಫೀಸು ಬಿಟ್ಟು ಒಬ್ಬರಿಗೆ ಹತ್ತಿರ ಹತ್ತಿರ 12,000 ಪೌಂಡ್. ಇಂಗ್ಲಿಷ್ ಕೂಡ ವಿಸ್ತರಣೆಗೆ ಎ2, ಐಎಲ್ಆರ್‌ಗೆ ಬಿ1 ಎಂದು ಏರುತ್ತದೆ, ಜೊತೆಗೆ ಬ್ರಿಟನ್ನಿನ ಇತಿಹಾಸ, ಬದುಕಿನ ಬಗ್ಗೆ ಕೇಳುವ ಲೈಫ್ ಇನ್ ದ ಯುಕೆ ಪರೀಕ್ಷೆ. ಕೆಲಸ ಮಾಡಬಹುದು, ಸರ್ಕಾರಿ ಭತ್ಯೆ ಪಡೆಯುವಂತಿಲ್ಲ. ವಿಸ್ತರಣೆಯನ್ನು ಅವಧಿ ಮುಗಿಯುವ ಮೊದಲೇ ಹಾಕಿ, ಆದರೆ ತಿಂಗಳುಗಟ್ಟಲೆ ಮುಂಚೆ ಹಾಕಿದರೆ ಉಳಿದ ದಿನಗಳು ಕೈತಪ್ಪಿ ಐದು ವರ್ಷಕ್ಕೆ ಕೊರತೆ ಬೀಳಬಹುದು.

ಮನೆಯಲ್ಲಿ ಹಿಂಸೆ ಇದ್ದರೂ ವೀಸಾ ಹೋಗುತ್ತದೆಂದು ಸಹಿಸಿಕೊಂಡು ಇರುವವರು ತಿಳಿದಿರಬೇಕಾದ್ದು: ಕೌಟುಂಬಿಕ ದೌರ್ಜನ್ಯದಿಂದ ಸಂಸಾರ ಮುರಿದರೆ ಸಂಗಾತಿಯ ಸಹಿ, ಆದಾಯ ಯಾವುದೂ ಇಲ್ಲದೆ ನೇರವಾಗಿ ಐಎಲ್ಆರ್‌ಗೆ ಅರ್ಜಿ ಹಾಕಬಹುದು. ಅದಕ್ಕೆ ಮುನ್ನ, ಭತ್ಯೆ ಪಡೆಯಲು ಅವಕಾಶವಿರುವ ಮೂರು ತಿಂಗಳ ತಾತ್ಕಾಲಿಕ ಅನುಮತಿಯೂ ಇದೆ.

ತಿರಸ್ಕಾರದ ಪತ್ರ ಬಂದರೆ ಸರ್‌ಚಾರ್ಜ್ ವಾಪಸ್ ಬರುತ್ತದೆ, ಅರ್ಜಿ ಶುಲ್ಕ ಬರುವುದಿಲ್ಲ. ಹೊರಗಿದ್ದವರಿಗೆ ಮೇಲ್ಮನವಿಗೆ 28 ದಿನ, ಒಳಗಿದ್ದವರಿಗೆ 14. ಕಾರಣ ಒಂದು ಸ್ಟೇಟ್‌ಮೆಂಟ್ ಕಾಣೆಯಾದಂಥದ್ದಾದರೆ ಟ್ರಿಬ್ಯೂನಲ್‌ಗೆ ತಿಂಗಳುಗಟ್ಟಲೆ ಕಾಯುವುದಕ್ಕಿಂತ ಸರಿಪಡಿಸಿ ಹೊಸದಾಗಿ ಹಾಕುವುದೇ ಬೇಗ ಆಗುತ್ತದೆ, ಕಿಸೆಗೆ ಭಾರ ನಿಜ. ಮದುವೆಯೇ ನಿಜವಲ್ಲ ಎಂದು ಬರೆದಿದ್ದರೆ ಮಾತ್ರ ಸುಮ್ಮನೆ ಹೊಸ ಅರ್ಜಿ ಹಾಕಬೇಡಿ. ಆ ಮಾತು ಕಡತದಲ್ಲಿ ಉಳಿದು ಮುಂದಿನ ಅಧಿಕಾರಿಯ ಕಣ್ಣಿಗೂ ಬೀಳುತ್ತದೆ. 28 ದಿನದೊಳಗೆ ವಲಸೆ ಕಾನೂನಿನ ವಕೀಲರನ್ನು ಕಂಡು ಮೇಲ್ಮನವಿ ಸಲ್ಲಿಸಿ.