ಹಳೇ ಕಾರಿನ ಮೊದಲ ಓನರ್ ಯಾರು ಅಂತ ಹುಡುಕೋದು ಹೇಗೆ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಹಳೇ ಕಾರುಗಳ ಹುಚ್ಚು ಇದೆ ಅಂತ ಗೊತ್ತಾದ ಮೇಲೆ ಜನ ನನ್ನನ್ನ ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಸಾರ್, ನಮ್ಮ ಹತ್ರ ಒಂದು ಫಿಯೆಟ್ ಇದೆ, ಇದನ್ನ ಮೊದಲು ತಗೊಂಡಿದ್ದು ಯಾರು, ಯಾವ ಶೋರೂಮಿಂದ ಆಚೆ ಬಂತು, ಆಗಿನ ಬಿಲ್ಲು ಎಲ್ಲಾದ್ರೂ ಸಿಗುತ್ತಾ?" ಕೆಲವರದ್ದು ಅಂಬಾಸಿಡರ್, ಕೆಲವರದ್ದು ಸ್ಟ್ಯಾಂಡರ್ಡ್ ಹೆರಾಲ್ಡ್, ಅಪರೂಪಕ್ಕೆ ಒಂದು ಮಾರಿಸ್ ಮೈನರ್. ಮಾರೋಕೆ ಇಟ್ಟಿರೋರು ಮಾತ್ರ ಇನ್ನೊಂದು ಸಾಲು ಸೇರಿಸ್ತಾರೆ, "ಇದು ಮಹಾರಾಜರ ಮನೆತನದ ಕಾರಂತೆ ಸಾರ್".

ಚಿಕ್ಕದಾಗಿ ಹೇಳ್ಬೇಕಂದ್ರೆ, ಓನರ್‌ಗಳ ಹೆಸರು ಸುಮಾರು ಮಟ್ಟಿಗೆ ಸಿಗುತ್ತೆ, ಮೊದಲ ಮಾರಾಟದ ಬಿಲ್ಲು ಬಹಳ ಸಲ ಸಿಗಲ್ಲ, ಎರಡನ್ನೂ ಇವತ್ತಿಂದ ಹಿಂದಕ್ಕೆ ಹುಡುಕ್ಕೊಂಡು ಹೋಗ್ಬೇಕೇ ಹೊರತು ಮೊದಲ ದಿನದಿಂದ ಈ ಕಡೆಗಲ್ಲ. ಎಲ್ಲರೂ ಎಡವೋದು ಇಲ್ಲೇ. ಮೊದಲ ಓನರ್ ಯಾರು ಅಂತ ಹೋಗಿ ಊರೆಲ್ಲ ಕೇಳ್ತಾರೆ, ಅದೇ ಕಾರಿನ ಆರ್‌ಸಿ ಈಗ ಯಾರ ಹೆಸರಲ್ಲಿದೆ ಅಂದ್ರೆ ಗೊತ್ತಿರಲ್ಲ.

ಮೊದಲು ನಂಬರ್ ಪ್ಲೇಟ್ ಮರೆತುಬಿಡಿ, ಬಾನೆಟ್ ಎತ್ತಿ ಚಾಸಿ ನಂಬರ್, ಅಂದ್ರೆ ಕಂಪನಿಯವರು ಗಾಡಿಯ ಮೈಗೇ ಕೊರೆದಿರೋ ನಂಬರ್ ನೋಡಿ. ಪ್ಲೇಟಿನ ನಂಬರ್ ಬದಲಾಗಬಹುದು, ಎಂಜಿನ್ ಅಂತೂ ಬದಲಾಗಿರೋದೇ ಜಾಸ್ತಿ. ಪೆಟ್ರೋಲ್ ದುಬಾರಿ ಆದ ಕಾಲದಲ್ಲಿ ದೊಡ್ಡ ದೊಡ್ಡ ಅಮೆರಿಕನ್ ಕಾರುಗಳಿಗೆಲ್ಲ ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂರಿಸಿಬಿಟ್ರು, ಅಂಬಾಸಿಡರ್‌ಗಳಿಗೂ ಸಿಕ್ಕ ಸಿಕ್ಕ ಡೀಸೆಲ್ ಎಂಜಿನ್ ಬಂದು ಕೂತ್ವು. ಹಾಗಾಗಿ ಎಂಜಿನ್ ನಂಬರ್ ಆರ್‌ಸಿ ಜೊತೆ ತಾಳೆ ಆಗ್ಲಿಲ್ಲ ಅಂತ ಗಾಬರಿ ಬೇಡ, ಬದಲಾಯಿಸಿದ್ದನ್ನ ಆರ್‌ಸಿಯಲ್ಲಿ ಬರೆಸಿದ್ದಾರಾ ನೋಡಿ ಸಾಕು. ಚಾಸಿ ನಂಬರ್ ತಾಳೆ ಆಗ್ಲಿಲ್ಲ ಅಂದ್ರೆ ಮಾತ್ರ ಅಲ್ಲಿಗೆ ನಿಲ್ಲಿಸಿ, ಅದು ಬೇರೆ ಕಾರಿನ ಪೇಪರ್. ಪೆನ್ಸಿಲ್ ಉಜ್ಜಿ ಅದರ ಅಚ್ಚು ತೆಗೆದಿಟ್ಕೊಳ್ಳಿ, ಮುಂದೆ ಪ್ರತಿ ಮೇಜಿನ ಮುಂದೆಯೂ ಅದನ್ನೇ ಕೇಳ್ತಾರೆ. ಹಾಗೇ ಗಾಡಿಯ ಮೈ ಮತ್ತೆ ಪೇಪರಿನ ವರ್ಷ ಒಂದಕ್ಕೊಂದು ಹೊಂದುತ್ತಾ ನೋಡಿ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಮಾಡ್ತಿದ್ದ ಫಿಯೆಟ್ 1100ಗೆ ಪದ್ಮಿನಿ ಅಂತ ಹೆಸರು ಬಂದಿದ್ದೇ 1974ರಲ್ಲಿ. ಆರ್‌ಸಿಯಲ್ಲಿ 1966 ಅಂತಿದ್ದು ಗಾಡಿ ಮೇಲೆ ಪದ್ಮಿನಿ ಅಂತ ಬರೆದಿದ್ರೆ ಯಾರೋ ಮಧ್ಯದಲ್ಲಿ ಗುಜರಿ ಪಾರ್ಟ್ಸ್ ಹಾಕಿ ರಿಪೇರಿ ಮಾಡಿಸಿದ್ದಾರೆ ಅಂತ ಅರ್ಥ. ಅದು ತಪ್ಪೇನಲ್ಲ, ಆದ್ರೆ ಗೊತ್ತಿರಬೇಕು.

ಆಮೇಲೆ ಹಳೇ ಆರ್‌ಸಿ ಬುಕ್. ಈಗಿನ ಸ್ಮಾರ್ಟ್ ಕಾರ್ಡ್ ಇದೆಯಲ್ಲ, ಅದ್ರಿಂದ ಏನೂ ಉಪಯೋಗ ಇಲ್ಲ, ಈಗಿನ ಓನರ್ ಹೆಸರು ಬಿಟ್ರೆ ಹಿಂದಿನ ಕಥೆ ಅದ್ರಲ್ಲಿರಲ್ಲ. ಹಳೇ ಪುಸ್ತಕ ಮಾತ್ರ ಚಿನ್ನ. ಒಂದೊಂದು ಟ್ರಾನ್ಸ್‌ಫರ್‌ಗೂ ಒಂದು ಸೀಲು, ಒಂದು ಸಹಿ, ಒಂದು ತಾರೀಕು, ಯಾವ ಬ್ಯಾಂಕಲ್ಲಿ ಸಾಲ ಇತ್ತು ಯಾವಾಗ ತೀರ್ತು, ಯಾವ ಊರಿಂದ ಯಾವ ಊರಿಗೆ ಹೋಯ್ತು, ಎಲ್ಲಾ ಅದ್ರಲ್ಲೇ, ಓದೋಕೆ ಕಷ್ಟ ಆದ್ರೂ ಇರುತ್ತೆ. ಸ್ಮಾರ್ಟ್ ಕಾರ್ಡ್ ಬಂದ ಮೇಲೆ ಹಳೇ ಬುಕ್ಕನ್ನ ಆಫೀಸಲ್ಲೇ ಒಪ್ಪಿಸಿ ಬಂದೋರು ಎಷ್ಟೋ ಜನ. ಇನ್ನೂ ನಿಮ್ಮ ಕೈಯಲ್ಲಿದ್ರೆ ಏಜೆಂಟ್ ಕೈಗೆ ಕೊಡೋ ಮುಂಚೆ ಪ್ರತಿ ಪುಟದ್ದೂ, ಖಾಲಿ ಪುಟ ಸೇರಿ, ಫೋಟೋ ತೆಗೆದಿಡಿ ಅಂತ ನಾನು ಕೈಮುಗಿದು ಹೇಳ್ತೀನಿ.

ಬುಕ್ ಕಳೆದೋಗಿದ್ರೆ ಆರ್‌ಟಿಓಗೆ ಹೋಗಿ ಬಿ ಎಕ್ಸ್‌ಟ್ರಾಕ್ಟ್ ಕೇಳ್ಬೇಕು. ಅಂದ್ರೆ ಗಾಡಿಗಳ ರಿಜಿಸ್ಟರಿನಲ್ಲಿ ನಿಮ್ಮ ಗಾಡಿಯ ಪುಟದ ನಕಲು. ಇದನ್ನ ಓನರ್ ಆಗಿ ಕೇಳಿದ್ರೆ ಕೊಡ್ತಾರೆ, ಬೇರೆಯವರ ಗಾಡಿದು ಕೇಳಿದ್ರೆ ಕೇಸ್ ವರ್ಕರ್ ಮುಖ ನೋಡೋ ರೀತಿನೇ ಬೇರೆ. ತುಂಬಾ ಜನ ಆರ್‌ಟಿಐ ಹಾಕ್ತೀನಿ ಅಂತಾರೆ, 10 ರೂಪಾಯಿ ತಾನೆ ಹಾಕಿ, ಆದ್ರೆ ಹಿಂದಿನ ಓನರ್‌ಗಳ ಹೆಸರು ವಿಳಾಸ ಕೇಳಿದ್ರೆ ಖಾಸಗಿ ಮಾಹಿತಿ ಅಂತ ಸೆಕ್ಷನ್ 8(1)(ಜೆ) ತೋರ್ಸಿ ವಾಪಸ್ ಕಳ್ಸೋದೇ ಹೆಚ್ಚು. ಮೊಬೈಲಲ್ಲಿ ಸರ್ಕಾರದ ಪರಿವಹನ್ ವೆಬ್‌ಸೈಟ್ ನೋಡಿದ್ರೆ ಹೆಸರಿನ ಅರ್ಧ ಅಕ್ಷರ ನಕ್ಷತ್ರ ಚಿಹ್ನೆ ಹಿಂದೆ ಅಡಗಿರುತ್ತೆ, ಅದೂ ನಿಮ್ಮ ಗಾಡಿ ಕಂಪ್ಯೂಟರ್‌ಗೆ ಏರಿದ್ರೆ. ಹಳೇ ಗಾಡಿಗಳಲ್ಲಿ ಎಷ್ಟೋ ಇನ್ನೂ ಏರಿಲ್ಲ, ಬ್ಯಾಕ್‌ಲಾಗ್ ಎಂಟ್ರಿ, ಅಂದ್ರೆ ಹಳೇ ವಿವರ ಕಂಪ್ಯೂಟರ್‌ಗೆ ಏರಿಸೋ ಕೆಲಸ ಮಾಡಿಸ್ಬೇಕು, ಅದಕ್ಕೆ ಮತ್ತೆ ಹಳೇ ರಿಜಿಸ್ಟರೇ ಬೇಕು, ರಿಜಿಸ್ಟರ್ ರೆಕಾರ್ಡ್ ರೂಮಲ್ಲಿ, ರೆಕಾರ್ಡ್ ರೂಮಿನ ಬೀಗದ ಕೈ ಇರೋರು ರಜೆ ಮೇಲೆ. ಅದಕ್ಕೇ ನಾನು ಹೇಳೋದು, ಮೊದಲು ಗಾಡಿ ನಿಮ್ಮ ಹೆಸರಿಗೆ ಮಾಡ್ಕೊಳ್ಳಿ, ಆಮೇಲೆ ಇತಿಹಾಸ ಹುಡುಕಿ.

ನಿಮ್ಮ ಹೆಸರಿಗೆ ಮಾಡ್ಕೊಳ್ಳೋದ್ರಲ್ಲೇ ಒಂದು ದೊಡ್ಡ ಗೋಜಲಿದೆ, ಇದನ್ನ ಸ್ವಲ್ಪ ವಿವರವಾಗಿ ಹೇಳ್ಬೇಕು. ಈಗ ಗಾಡಿ ಮಾರಿದ್ರೆ ಫಾರಂ 29 ಮತ್ತೆ 30, ಓನರ್ ತೀರಿಕೊಂಡು ಮಕ್ಕಳ ಹೆಸರಿಗೆ ಆಗ್ಬೇಕಂದ್ರೆ ಫಾರಂ 31, ಹರಾಜಲ್ಲಿ ತಗೊಂಡಿದ್ರೆ 32. ನಮ್ಮೂರುಗಳಲ್ಲಿ ಏನಾಗ್ತಿತ್ತು ಅಂದ್ರೆ ಮಾರಿದವರು ಖಾಲಿ ಫಾರಂಗೆ ಸಹಿ ಹಾಕಿ ಬುಕ್ ಜೊತೆ ಕೊಟ್ಬಿಡೋರು, ತಗೊಂಡವರು ಅದನ್ನ ತುಂಬದೇ ಎರಡು ವರ್ಷ ಓಡ್ಸಿ ಹಾಗೇ ಮುಂದಿನವರಿಗೆ ದಾಟಿಸೋರು, ಅವರು ಇನ್ನೊಬ್ಬರಿಗೆ. ಹೀಗೆ ನಾಲ್ಕು ಜನರ ಕೈ ದಾಟಿದ್ರೂ ರಿಜಿಸ್ಟರಲ್ಲಿ ಮೊದಲಿನವರ ಹೆಸರೇ. ರಿಜಿಸ್ಟರಲ್ಲಿ ಯಾರ ಹೆಸರಿದೆಯೋ ಅವರೇ ಓನರ್, ಆ್ಯಕ್ಸಿಡೆಂಟ್ ಆದ್ರೆ ಪರಿಹಾರದ ಹೊಣೆನೂ ಅವರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ಆರ್‌ಸಿಯಲ್ಲಿ ಮೂರು ಹೆಸರಿದ್ರೆ ಮೂರೇ ಜನ ಓಡ್ಸಿದ್ರು ಅಂತ ತಿಳ್ಕೋಬೇಡಿ. ಮಧ್ಯದವರನ್ನ ಹುಡುಕೋಕೆ ಪೇಪರ್ ಬಿಟ್ಟು ಮನುಷ್ಯರ ಹತ್ರ ಹೋಗ್ಬೇಕು, ಅದರಲ್ಲೂ ಮೆಕ್ಯಾನಿಕ್‌ಗಳ ಹತ್ರ. ಓನರ್ ಮರೀತಾನೆ, ಮಕ್ಕಳು ಮರೀತಾರೆ, ಆ ಗಾಡಿಯ ಗೇರ್‌ಬಾಕ್ಸ್ ಇಳಿಸಿದ ಮೇಸ್ತ್ರಿ ಮರೆಯಲ್ಲ.

ಇನ್ನು ನಂಬರಿನ ವಿಷಯ. 1989ರ ಜುಲೈಗೆ ಮುಂಚೆ ನಮ್ಮಲ್ಲಿ ಕೆಎ ಇರಲಿಲ್ಲ, ಎಂವೈ ಅಂತ ಶುರುವಾಗೋ ಮೂರು ಅಕ್ಷರದ ನಂಬರ್‌ಗಳನ್ನ ಈಗಲೂ ನೋಡಬಹುದು, ಅದು ಮೈಸೂರು ರಾಜ್ಯದ ಹೆಸರಿಂದ ಬಂದಿದ್ದು. ಜನ ಅದನ್ನ ನೋಡಿ "ಇದು ಇಲ್ಲೇ ಹೊಸದಾಗಿ ತಗೊಂಡ ಗಾಡಿ" ಅಂತ ತೀರ್ಮಾನ ಮಾಡ್ತಾರೆ. ಆಗಲೇಬೇಕು ಅಂತೇನಿಲ್ಲ. ಬೇರೆ ರಾಜ್ಯದಿಂದ ಗಾಡಿ ತಂದು ಇಲ್ಲೇ ಇಟ್ಕೊಂಡ್ರೆ ಇಲ್ಲಿನ ನಂಬರ್ ಹಾಕಿಸ್ಬೇಕು, ಹಾಗೆ ಹಾಕ್ಸಿದ ನಂಬರ್ ಇರ್ಬಹುದು, ಅದರ ಕೆಳಗೆ ಮುಂಬೈದೋ ಮದ್ರಾಸಿಂದೋ ಹಳೇ ನಂಬರ್ ಇರುತ್ತೆ. ಜೊತೆಗೆ 1956ರ ಏಕೀಕರಣಕ್ಕೆ ಮುಂಚಿನ ಗಾಡಿಯಾದ್ರೆ ಈಗಿನ ಜಿಲ್ಲೆ ನೋಡಿ ಹೊರಡಬೇಡಿ. ಧಾರವಾಡ, ಬೆಳಗಾವಿ ಆಗ ಮುಂಬೈ ರಾಜ್ಯದಲ್ಲಿ, ಮಂಗಳೂರು ಮದ್ರಾಸಿನಲ್ಲಿ, ಕಲಬುರಗಿ ರಾಯಚೂರು ಹೈದರಾಬಾದಿನಲ್ಲಿ, ಕೊಡಗು ತನ್ನ ಪಾಡಿಗೆ ತಾನು. ಧಾರವಾಡದ ವಕೀಲರ 1952ರ ಕಾರಿಗೆ ಮೈಸೂರಿನ ನಂಬರ್ ಯಾಕಿಲ್ಲ ಅಂತ ತಲೆ ಕೆಡಿಸ್ಕೊಂಡು ಕೂತವರನ್ನ ನೋಡಿದೀನಿ.

ಮೊದಲ ಮಾರಾಟದ ಬಿಲ್ಲು ಯಾಕೆ ಸಿಗಲ್ಲ ಅಂತ ಕೇಳಿದ್ರಲ್ಲ. ಡೀಲರ್‌ಗಳು ಮುಚ್ಚಿಹೋದ್ರು, ಕಂಪನಿಗಳೂ ಹೋದ್ವು. ಅಂಬಾಸಿಡರ್ ಮಾಡ್ತಿದ್ದ ಉತ್ತರಪಾರಾ ಫ್ಯಾಕ್ಟರಿ 2014ರಲ್ಲಿ ನಿಂತೋಯ್ತು, ಆ ಹೆಸರು 2017ರಲ್ಲಿ 80 ಕೋಟಿಗೆ ಫ್ರಾನ್ಸಿನ ಪೂಜೋ ಕಂಪನಿಗೆ ಹೋಯ್ತು. ಹೆಸರಿಗೆ ಬೆಲೆ ಕಟ್ಟೋರು ಸಿಕ್ಕಿದ್ರು, ಯಾವ ನಂಬರಿನ ಗಾಡಿ ಯಾವ ಡೀಲರ್‌ಗೆ ಹೋಯ್ತು ಅನ್ನೋ ಲೆಕ್ಕದ ಪುಸ್ತಕ ಮುಂದಿಟ್ಕೊಂಡು ನಿಮಗೆ ಸರ್ಟಿಫಿಕೇಟ್ ಬರ್ಕೊಡೋ ಕೌಂಟರ್ ಮಾತ್ರ ನಮ್ಮಲ್ಲಿ ಯಾರೂ ತೆರೀಲಿಲ್ಲ. ನಂಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ, ಯಾಕಂದ್ರೆ ನಮ್ಮ ದೇಶದಲ್ಲಿ ಆ ಕಾಲದ ಕಾರು ಮಾರಾಟದಷ್ಟು ಕಾಗದ ಹುಟ್ಟಿಸಿದ ವ್ಯಾಪಾರ ಕಮ್ಮಿ. 1959ರಲ್ಲಿ ಸರ್ಕಾರ ಕಾರುಗಳ ಹಂಚಿಕೆ ಮತ್ತು ಮಾರಾಟದ ಮೇಲೆ ಕಂಟ್ರೋಲ್ ಆರ್ಡರ್ ತಂತು. ದುಡ್ಡಿದ್ರೂ ಕಾರು ಸಿಗ್ತಿರಲಿಲ್ಲ, ಡೀಲರ್ ಹತ್ರ ಬುಕ್ ಮಾಡಿ ವರ್ಷಗಟ್ಟಲೆ ಕಾಯ್ಬೇಕು, ಸರ್ಕಾರಿ ಕೋಟಾ ಬೇರೆ. ಬೆಲೆ ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಅಂದ್ರೆ ಬುಕಿಂಗ್ ರಸೀದಿ, ಸರದಿ ನಂಬರ್, ಅಲಾಟ್‌ಮೆಂಟ್ ಪತ್ರ ಎಲ್ಲಾ ಇರ್ತಿತ್ತು, ಮತ್ತೆ ಅಷ್ಟು ಕಷ್ಟಪಟ್ಟು ತಗೊಂಡ ಮೊದಲ ಓನರ್ ಆ ಕಾಗದಗಳನ್ನ ಬಿಸಾಕ್ತಿರಲಿಲ್ಲ. ಅದಕ್ಕೇ ಮೊದಲ ಓನರ್ ಹೆಸರು ಸಿಕ್ಕಿದ ತಕ್ಷಣ ಡೀಲರನ್ನ ಹುಡುಕ್ಕೊಂಡು ಹೋಗಬೇಡಿ, ಆ ಮನೆಯವರ ಹತ್ರ ಹೋಗಿ ಅಟ್ಟದ ಮೇಲಿನ ಟ್ರಂಕ್ ಕೇಳಿ.

ಮನೆಗಳಲ್ಲಿ ಸಿಗೋ ಸಾಮಾನೇ ಬೇರೆ. ಆಯುಧಪೂಜೆ ಫೋಟೋ ಇರುತ್ತಲ್ಲ, ಬೂದುಗುಂಬಳಕಾಯಿ ಒಡೆದು ಬಾನೆಟ್ ಮೇಲೆ ಚೆಂಡುಹೂ ಹಾರ ಹಾಕಿ ಮನೆಮಂದಿಯೆಲ್ಲ ನಿಂತಿರೋದು, ಅದ್ರಲ್ಲಿ ನಂಬರ್ ಪ್ಲೇಟ್ ಕಾಣ್ದೇ ಇರೋ ಫೋಟೋನೇ ಇಲ್ಲ, ಹಿಂದೆ ಇಸವಿ ಬರೆದಿದ್ರಂತೂ ಅದಕ್ಕಿಂತ ಒಳ್ಳೆ ದಾಖಲೆ ಬೇಡ. ಮದುವೆ ಆಲ್ಬಮ್ಮೂ ಅಷ್ಟೇ. ಅಣ್ಣತಮ್ಮಂದಿರು ಬೇರೆ ಆದಾಗಿನ ಪಾಲುಪಟ್ಟಿ ನೋಡಿ, ಜಮೀನು, ಪಾತ್ರೆ, ಒಡವೆ ಜೊತೆ "ಒಂದು ಮೋಟಾರು ಕಾರು" ಅಂತ ನಂಬರ್ ಸಮೇತ ಬರೆದಿರೋದುಂಟು. ಡಾಕ್ಟರು, ವಕೀಲರು, ಕಾಫಿ ತೋಟದವರಾದ್ರೆ ಇನ್‌ಕಮ್ ಟ್ಯಾಕ್ಸ್ ಫೈಲಲ್ಲಿ ಕಾರಿನ ಕೊಂಡ ಬೆಲೆ ಇದ್ದೇ ಇರುತ್ತೆ, ಸವಕಳಿ ಲೆಕ್ಕ ಹಾಕ್ಬೇಕಲ್ಲ. ಹಳೇ ಇನ್ಶೂರೆನ್ಸ್ ಸರ್ಟಿಫಿಕೇಟ್ ಸಿಕ್ಕಿದ್ರೆ ಕಂಪನಿ ಹೆಸರು ನೋಡಿ. 1973ರ ಜನವರಿಗೆ ಮುಂಚೆ 107 ಕಂಪನಿಗಳಿದ್ವು, ರಾಷ್ಟ್ರೀಕರಣ ಆಗಿ ನಾಲ್ಕಕ್ಕೆ ಸೇರ್ಕೊಂಡ್ವು, ಹಾಗಾಗಿ ಈಗ ಕೇಳಿಯೇ ಇರದ ಕಂಪನಿ ಹೆಸರಿದ್ರೆ ತಾರೀಕು ಮಾಸಿಹೋಗಿದ್ರೂ ಕಾಲ ಅಂದಾಜಾಗುತ್ತೆ.

ಒಂದು ಫಿಯೆಟ್ ಬಗ್ಗೆ ಹೇಳ್ತೀನಿ. ಮಾರೋರು ದೊಡ್ಡ ಸಿನಿಮಾ ನಟರ ಕಾರು ಅಂತಿದ್ರು, ಬೆಲೆನೂ ಹಾಗೇ ಇತ್ತು. ತಗೊಳ್ಳೋಕೆ ಹೊರಟಿದ್ದ ನನ್ನ ಸ್ನೇಹಿತನಿಗೆ ಬಿ ಎಕ್ಸ್‌ಟ್ರಾಕ್ಟ್ ತರಿಸ್ಕೋ ಅಂದೆ. ಮೊದಲ ಹೆಸರು ಒಂದು ಸಕ್ಕರೆ ಕಾರ್ಖಾನೆ, ಆಮೇಲೆ ಒಬ್ಬ ಕಂಟ್ರಾಕ್ಟರು, ಆಮೇಲೆ ಅವರ ಹೆಂಡತಿ. ನಟರು ಎಲ್ಲಿ ಅಂದ್ರೆ "ಫ್ಯಾಕ್ಟರಿ ಫಂಕ್ಷನ್‌ಗೆ ಬಂದಾಗ ಇದ್ರಲ್ಲೇ ಕರ್ಕೊಂಡ್ಹೋಗಿದ್ರಂತೆ" ಅಂತ ಕಥೆ ತಿರುಗ್ತು. ಇರ್ಬಹುದು, ಸುಳ್ಳು ಅಂತ ನಾನು ಹೇಳಲ್ಲ, ಆದ್ರೆ ಕೂತು ಹೋದವರು ಓನರ್ ಅಲ್ಲ. ಸ್ನೇಹಿತ ಫಿಯೆಟ್ಟಿನ ಬೆಲೆಗೆ ಫಿಯೆಟ್ ತಗೊಂಡ, ಸಕ್ಕರೆ ಕಾರ್ಖಾನೆ ಕಥೆನೇ ಈಗ ಅವನಿಗೆ ಹೆಚ್ಚು ಇಷ್ಟ.

ಮಹಾರಾಜರ ಕಾರು ಅನ್ನೋದನ್ನ ಪರೀಕ್ಷೆ ಮಾಡೋದು ಇದಕ್ಕಿಂತ ಸುಲಭ, ರೋಲ್ಸ್ ರಾಯ್ಸ್ ಆದ್ರೆ ಇನ್ನೂ ಸುಲಭ. ಎರಡನೇ ಮಹಾಯುದ್ಧಕ್ಕೆ ಮುಂಚೆ ಆ ಕಂಪನಿ ಚಾಸಿ, ಅಂದ್ರೆ ಎಂಜಿನ್ ಕೂತ ಅಡಿಚೌಕಟ್ಟು ಮಾತ್ರ ಮಾಡಿ ಕೊಡ್ತಿತ್ತು, ಬಾಡಿ ಹೂಪರ್, ಬಾರ್ಕರ್ ಥರದವರು ಕಟ್ತಿದ್ರು, ಪ್ರತಿ ಚಾಸಿಗೂ ಆರ್ಡರ್ ಕೊಟ್ಟವರು ಯಾರು, ಬಾಡಿ ಯಾರದ್ದು ಅಂತ ಕಾರ್ಡ್ ಬರೆದಿಡ್ತಿದ್ರು. ಆ ಕಾರ್ಡುಗಳು ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಎಂಥುಸಿಯಾಸ್ಟ್ಸ್ ಕ್ಲಬ್ಬಿನ ಹಂಟ್ ಹೌಸಲ್ಲಿವೆ. ಮಾರಿಸ್, ಆಸ್ಟಿನ್, ಎಂಜಿ ಆದ್ರೆ ಅಲ್ಲಿನ ಗೇಡನ್‌ನಲ್ಲಿರೋ ಬ್ರಿಟಿಷ್ ಮೋಟಾರ್ ಮ್ಯೂಸಿಯಂಗೆ ಬರೆದು ದುಡ್ಡು ಕಟ್ಟಿದ್ರೆ ಹೆರಿಟೇಜ್ ಸರ್ಟಿಫಿಕೇಟ್ ಕೊಡ್ತಾರೆ, ಗಾಡಿ ಕಟ್ಟಿದ ತಾರೀಕು, ಬಣ್ಣ, ಯಾವ ಕಡೆಗೆ ಕಳ್ಸಿದ್ರು ಅಂತ. ಓನರ್ ಹೆಸರು ಅದ್ರಲ್ಲಿ ಇರಲ್ಲ, ಮೊದಲೇ ಹೇಳ್ತೀನಿ. ಬಿಡಿಭಾಗಗಳಾಗಿ ಡಬ್ಬಿಯಲ್ಲಿ ಬಂದು ಇಲ್ಲೇ ಜೋಡಿಸಿದ ಗಾಡಿಯಾದ್ರೆ ಬಣ್ಣದ ವಿವರನೂ ಇರಲ್ಲ, ಇಲ್ಲೇ ಬಳಿದಿದ್ದು ಅಲ್ಲಿ ಹೇಗೆ ಗೊತ್ತಾಗ್ಬೇಕು. ಅರವತ್ತು ಎಪ್ಪತ್ತರ ದಶಕದ ಮರ್ಸಿಡಿಸ್, ಇಂಪಾಲಾ ಥರದವು ಇದ್ರೆ ಎಸ್‌ಟಿಸಿ ಕಾಗದ ಇದೆಯಾ ಹುಡುಕಿ. ರಾಯಭಾರ ಕಚೇರಿಯವರು ಬಿಟ್ಟುಹೋದ ಗಾಡಿಗಳನ್ನ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರ್ತಿತ್ತು, ನಮ್ಮ ಉದ್ಯಮಿಗಳು, ನಟರ ಕೈಗೆ ಬಂದ ಎಷ್ಟೋ ಫಾರಿನ್ ಕಾರುಗಳು ಆ ದಾರಿಯಲ್ಲೇ ಬಂದಿದ್ದು.

ಇಷ್ಟೆಲ್ಲ ಮಾಡಿದ ಮೇಲೂ ಮಧ್ಯ ಏಳೆಂಟು ವರ್ಷ ಖಾಲಿ ಉಳಿಯುತ್ತೆ. ಉಳೀಲಿ ಬಿಡಿ. ಮಾರೋವಾಗ "ಇಲ್ಲಿಂದ ಇಲ್ಲಿವರೆಗೆ ಗೊತ್ತಿಲ್ಲ" ಅಂತ ಬರೀರಿ, ಬಲ್ಲವರು ಅಂಥ ಗಾಡಿನೇ ತಗೊಳ್ತಾರೆ, ಒಂದೂ ಖಾಲಿ ಇಲ್ದೇ ನೂಲು ಹಿಡಿದ ಹಾಗೆ ನೀಟಾಗಿರೋ ಇತಿಹಾಸ ಕಂಡ್ರೆ ನಂಗೇ ಅನುಮಾನ.

ಕೊನೆಗೆ ಎಲ್ಲರೂ ಕೇಳೋ ಬಾಲಂಗೋಚಿ ಪ್ರಶ್ನೆ, ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸ್ಲಾ ಅಂತ. 2021ರ ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರೋ, ತುಂಬಾ ಮಾರ್ಪಾಡು ಆಗದಿರೋ ಗಾಡಿಗೆ ಅದು ಸಿಗುತ್ತೆ, ಹೊಸದಾಗಿ ಮಾಡಿಸೋಕೆ 20,000 ಶುಲ್ಕ. ಆಮೇಲೆ ದಿನಾ ಓಡಾಡೋಕೆ ಆಗಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಅಷ್ಟಕ್ಕೇ. ಹೊಸದಾಗಿ ರಿಜಿಸ್ಟರ್ ಆಗೋ ಗಾಡಿಗೆ ವಿಎ ಸೀರೀಸ್ ನಂಬರ್ ಬರುತ್ತೆ, ಆದ್ರೆ ಈಗಾಗ್ಲೇ ರಿಜಿಸ್ಟ್ರೇಷನ್ ಇರೋ ಗಾಡಿ ತನ್ನ ಹಳೇ ನಂಬರನ್ನೇ ಇಟ್ಕೋಬಹುದು. ಏಜೆಂಟ್ ಏನೇ ಹೇಳ್ಲಿ, ಎಂವೈ ನಂಬರ್ ಇದ್ರೆ ಬಿಡಬೇಡಿ.