ಬೀರು ಬಾಗಿಲಿಗೆ ಇಟ್ಟ ಮಣೆ

ಹೋದ ವರ್ಷ ಆಷಾಢದಲ್ಲಿ ಅಕ್ಕಂಗೆ ಆಪರೇಷನ್ ಅಂತ ಆಸ್ಪತ್ರೆಗೆ ಸೇರಿಸಿದ್ರು, ಭಾವ ಅಲ್ಲೇ ಇರ್ಬೇಕಿತ್ತು, ಹಂಗಾಗಿ ಅವಳ ಹತ್ತು ವರ್ಷದ ಮಗನ್ನ ತೀರ್ಥಹಳ್ಳಿಗೆ ನಮ್ಮನೆಗೇ ಕರ್ಕೊಂಡ್ ಬಂದ್ವಿ. (ಈಗ ಅಕ್ಕ ಆರಾಮಾಗಿದಾಳೆ.) ಬಂದವನು ಮಾತೇ ಆಡ್ತಿರ್ಲಿಲ್ಲ, ಆಡಿದ್ರೂ ನನ್ನ ಏಳು ವರ್ಷದ ಮಗಳನ್ನ ಅಳಿಸೋಕೆ. ಅವಳು ಹಿತ್ತಲಲ್ಲಿ ಮುಂಗುಸಿ ನೋಡ್ದೆ ಅಂತ ಓಡಿ ಬಂದ್ಳು, ಪಕ್ಕದಲ್ಲೇ ನಿಂತು ತಾನೂ ನೋಡಿದ್ದವನು 'ಎಲ್ಲಿತ್ತು? ಸುಳ್ಳಿ' ಅಂದ್ಬಿಟ್ಟ. ಅವಳ ಮುಖ ನೋಡೋಕಾಗ್ಲಿಲ್ಲ.

ಅವತ್ತು ರಾತ್ರಿ ಕರೆಂಟ್ ಹೋಯ್ತು. ಹಂಚಿನ ಮೇಲೆ ಮಳೆ ಅಂದ್ರೆ ಮಳೆ. ಇಬ್ರನ್ನೂ ಆಚೆ ಈಚೆ ಮಲಗಿಸ್ಕೊಂಡು ಸಿ. ಎಸ್. ಲೂಯಿಸ್ ಇಂಗ್ಲಿಷಲ್ಲಿ ಮಕ್ಕಳಿಗೆ ಬರೆದ, ನಾರ್ನಿಯಾ ಅನ್ನೋ ಮಾಯಾಲೋಕದ ಕಥೆ ಶುರು ಮಾಡ್ದೆ, 1950ರಲ್ಲಿ ಬಂದ ಮೊದಲನೇ ಪುಸ್ತಕದ್ದು. ಯುದ್ಧಕಾಲ, ಬಾಂಬ್ ಬೀಳತ್ತೆ ಅಂತ ಲಂಡನ್ನಿಂದ ನಾಲ್ಕು ಮಕ್ಕಳನ್ನ ಹಳ್ಳಿ ಕಡೆ ಇರೋ ಪ್ರೊಫೆಸರ್ ಮನೆಗೆ ಕಳಿಸ್ತಾರೆ. ಇದು ನಿಜವಾಗ್ಲೂ ನಡೆದಿದ್ದು ಕಣ್ರೋ ಅಂದೆ, 1939ರ ಸೆಪ್ಟೆಂಬರಿನ ಮೊದಲ ಮೂರು ದಿನದಲ್ಲೇ ಸುಮಾರು 15 ಲಕ್ಷ ಜನ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಕೂಲ್ ಮಕ್ಕಳು, ಕೋಟಿಗೆ ಹೆಸರಿನ ಚೀಟಿ, ಹೆಗಲಿಗೆ ಗ್ಯಾಸ್ ಮಾಸ್ಕ್ ಡಬ್ಬಿ ಹಾಕ್ಕೊಂಡು ರೈಲು ಹತ್ತಿದ್ರು, ಲೂಯಿಸ್ ಮನೆಗೂ ಹಂಗೆ ಹುಡುಗೀರು ಬಂದಿದ್ರು ಅಂತ.

'ಅವ್ರಮ್ಮ ಯಾವಾಗ ಬಂದು ಕರ್ಕೊಂಡ್ ಹೋದ್ರು?' ಕತ್ತಲಲ್ಲಿ ಅವನ ದನಿ.

ತುಂಬಾ ಮಕ್ಕಳು ನಾಲ್ಕೇ ತಿಂಗಳಲ್ಲಿ ವಾಪಸ್ ಹೋದ್ರು ಅಂದೆ, ಅದು ನಿಜಾನೇ. ವರ್ಷಗಟ್ಟಲೆ ಕಾದವರ ವಿಷ್ಯ ಹೇಳ್ಲಿಲ್ಲ. ಲೂಯಿಸ್‌ಗೆ ಒಂಬತ್ತು ವರ್ಷ ಇದ್ದಾಗ ಅವರಮ್ಮ ಕ್ಯಾನ್ಸರಲ್ಲಿ ತೀರ್ಕೊಂಡಿದ್ದು ಗೊತ್ತಿತ್ತು, ಅದು ನಾಲಿಗೆ ತುದಿಗೆ ಬಂದಿದ್ದನ್ನ ನುಂಗ್ಕೊಂಡೆ.

ಕಥೆಯಲ್ಲಿ ಕೊನೇ ತಂಗಿ ಲೂಸಿ ಬೀರು ಒಳಗೆ ಹೋಗ್ತಾಳೆ. ಬಾಗಿಲು ತೆಗೆದ ಕೂಡ್ಲೇ ಎರಡು ನುಸಿಗುಳಿಗೆ ಕೆಳಗೆ ಉರುಳತ್ತೆ, ಅತ್ತೆಯ ಬೀರಲ್ಲಿ ಇರತ್ತಲ್ಲ ಅದೇ ಅಂದಿದ್ದಕ್ಕೆ ಮಗಳು ಮೂಗು ಮುಚ್ಕೊಂಡ್ಳು. ಬಾಗಿಲು ಪೂರ್ತಿ ಹಾಕ್ಕೋಬಾರ್ದು ಅಂತ ಲೂಸಿಗೆ ಗೊತ್ತು, ತೆಗೆದೇ ಇಡ್ತಾಳೆ. ಕೋಟುಗಳನ್ನ ಸರಿಸ್ತಾ ಹೋದ್ರೆ ಕಾಲಡಿ ಹಿಮ, ಅದೇ ನಾರ್ನಿಯಾ, ಅಲ್ಲಿ ನೂರು ವರ್ಷದಿಂದ ಚಳಿಗಾಲ ಮುಗಿದೇ ಇಲ್ಲ, ಮೇಲೆ ಮನುಷ್ಯ ಕೆಳಗೆ ಆಡಿನ ಕಾಲು ಇರೋನು ಕೊಡೆ ಹಿಡ್ಕೊಂಡ್ ಬರ್ತಾನೆ. 'ಅಲ್ಲೂ ಮಳೆಗಾಲನಾ?' ಅಂದ್ಳು ಮಗಳು.

ಆಮೇಲೆ ಅಣ್ಣ ಎಡ್ಮಂಡ್ ಹೋಗ್ತಾನೆ, ಅವನು ಬಾಗಿಲು ಹಾಕ್ಕೊಂಡ್ಬಿಡ್ತಾನೆ. ಮಾಟಗಾತಿ ರಾಣಿ ಟರ್ಕಿಶ್ ಡಿಲೈಟ್ ಕೊಡ್ತಾಳೆ, ಬಾಂಬೆ ಹಲ್ವಾ ಇದ್ದಂಗೆ, ಮೇಲೆ ಸಕ್ಕರೆ ಪುಡಿ. 'ಒಂದು ಹಲ್ವಾಗೋಸ್ಕರ ಮರುಳಾಗ್ತಾನಾ?' ಅಂದ ಇವನು. ಇಂಗ್ಲೆಂಡಲ್ಲಿ 1942ರಿಂದ 1953ರವರೆಗೆ ಸಿಹಿ ತಿಂಡಿ ರೇಷನ್ನಲ್ಲಿತ್ತು, ನಡುವೆ ಒಂದು ಸಲ ಸ್ವಲ್ಪ ದಿನ ಬಿಟ್ರೆ, ಈ ಪುಸ್ತಕ ಬಂದಾಗ್ಲೂ ಇತ್ತು, ಆ ಮಕ್ಕಳ ಬಾಯಲ್ಲಿ ಎಷ್ಟು ನೀರೂರಿರಬೇಕು ಯೋಚ್ನೆ ಮಾಡು ಅಂದೆ.

ಮನೆಗೆ ಬಂದ ಮೇಲೆ ಲೂಸಿ 'ಇವನೂ ನೋಡ್ದ' ಅಂತಾಳೆ, ಎಡ್ಮಂಡ್ 'ಎಲ್ಲಾ ಆಟ, ಅಲ್ಲೇನೂ ಇಲ್ಲ' ಅಂತಾನೆ. ಬೇಕು ಅಂತ ಹೇಳಿದ್ದಲ್ಲ, ಕಥೆ ಅಲ್ಲಿಗೇ ಬಂತು. ಅವನು ಗೋಡೆ ಕಡೆ ತಿರುಗಿ ಮಲ್ಕೊಂಡ. ನಿದ್ದೆ ಬಂತೇನೋ ಅಂದ್ಕೊಂಡೆ. ಸುಮಾರು ಹೊತ್ತಾದ ಮೇಲೆ 'ಚಿಕ್ಕಿ, ಆಮೇಲೆ ಅವನನ್ನ ಬೈತಾರಾ?' ಅಂದ.

ಈ ಪುಸ್ತಕದಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಅದು. ನಾರ್ನಿಯಾದಲ್ಲಿ ಆಸ್ಲಾನ್ ಅಂತ ಒಂದು ಮಾತಾಡೋ ಸಿಂಹ ಇದೆ, ಅದು ಎಡ್ಮಂಡ್‌ನ ಒಬ್ಬನ್ನೇ ಕರ್ಕೊಂಡು ಹುಲ್ಲಲ್ಲಿ ಓಡಾಡ್ತಾ ಮಾತಾಡತ್ತೆ, ಏನ್ ಹೇಳ್ತು ಅಂತ ಯಾರಿಗೂ ಕೇಳ್ಸಲ್ಲ, ಲೂಯಿಸ್ ನಮಗೂ ಹೇಳಲ್ಲ. ಆಮೇಲೆ ಅಣ್ಣತಂಗಿಯರ ಹತ್ರ, ಆಗಿದ್ದನ್ನ ಇವನ ಹತ್ರ ಎತ್ತೋದು ಬೇಡ ಅನ್ನತ್ತೆ ಅಷ್ಟೇ. ಅದನ್ನ ಹೇಳ್ದೆ. 'ಹೂಂ' ಅಂದ.

ಬೆಳಿಗ್ಗೆ ದೋಸೆ ಹಾಕ್ತಾ ಇದ್ದೆ, ಅಡಿಗೆಮನೆಯ ಒಂದು ಮಣೆ ಕಾಣ್ತಿಲ್ಲ. ಹುಡುಕ್ಕೊಂಡು ಅತ್ತೆ ರೂಮಿಗೆ ಹೋದ್ರೆ, ಹಲಸಿನ ಮರದ ಹಳೇ ಬೀರುವಿನ ಬಾಗಿಲ ಸಂದಿಗೆ ಮಣೆ ನಿಲ್ಲಿಸಿದೆ, ಇವನು ಎರಡೂ ಕೈಯಲ್ಲಿ ಅದನ್ನ ಒತ್ತಿ ಹಿಡ್ಕೊಂಡು ಕೂತಿದಾನೆ, ಒಳಗಡೆಯಿಂದ ರೇಷ್ಮೆ ಸೀರೆ ಸರಿಯೋ ಸದ್ದು.

'ಮಣೆ ತೆಗೀಬೇಡಿ ಚಿಕ್ಕಿ, ಅವಳಿನ್ನೂ ಒಳಗಿದಾಳೆ' ಅಂದ.